ಬಾಯಿಯ ನರಹುಲಿಯಲ್ಲಿ ಯಾವ ಎಚ್‌ಪಿವಿ? ನಾವು ಪತ್ತೆ ಮಾಡುವ ರೀತಿ

ಬಾಯೊಳಗಿನ ನರಹುಲಿಯಂಥ ಗಂಟುಗಳಿಗೆ ಗರ್ಭಕಂಠದ ತಪಾಸಣೆಯ ಕಿಟ್ ಬಳಸಬೇಡಿ. ನರಹುಲಿ ತರುವ ಎಚ್‌ಪಿವಿಗೆ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಸಂಖ್ಯೆಯಿಂದ ಗುರುತಿಸುವ ಹಲವು ಟೈಪ್‌ಗಳಿವೆ; ಆ ಕಿಟ್‌ಗಳು ಕ್ಯಾನ್ಸರ್ ತರಬಲ್ಲ ಸುಮಾರು 14 ಟೈಪ್‌ಗಳನ್ನಷ್ಟೇ ಹುಡುಕುತ್ತವೆ. ಪ್ಯಾಪಿಲೋಮಾದಲ್ಲಿ (ನರಹುಲಿಯಂಥ ನಿರಪಾಯಕಾರಿ ಗಂಟು) ಸಿಗುವುದು ಹೆಚ್ಚಾಗಿ 6 ಮತ್ತು 11, ಸಾಮಾನ್ಯ ನರಹುಲಿಯಲ್ಲಿ 2 ಮತ್ತು 57, 1965ರಲ್ಲಿ ಮೊದಲು ವರ್ಣಿಸಲಾದ ಹೆಕ್ ಕಾಯಿಲೆಯಲ್ಲಿ (ಬಾಯೊಳಗೆ ಹಲವು ಮೆತ್ತನೆಯ ಗಂಟುಗಳೇಳುವ ಕಾಯಿಲೆ) 13 ಮತ್ತು 32. ಇವು ಇದ್ದರೂ ಕಿಟ್ 'ನೆಗೆಟಿವ್' ಎನ್ನುತ್ತದೆ, ಓದಿದವರು ವೈರಸ್ಸೇ ಇಲ್ಲವೆಂದುಕೊಳ್ಳುತ್ತಾರೆ.

ಫಲಿತಾಂಶದ ಅರ್ಧ ಹಣೆಬರಹ ಕತ್ತರಿಸಿ ತೆಗೆದ ಗಂಟನ್ನು ಕೆಡದಂತೆ ಇಡುವ ಫಾರ್ಮಲಿನ್ ಡಬ್ಬಿಯಲ್ಲೇ ನಿರ್ಧಾರವಾಗುತ್ತದೆ. ಬಫರ್ (ಹುಳಿಯಾಗದಂತೆ ತಡೆಯುವ ದ್ರಾವಣ) ಇರುವ ಶೇ 10ರ ಫಾರ್ಮಲಿನ್‌ನಲ್ಲಿ 6ರಿಂದ 24 ಗಂಟೆ ಸಾಕು. ಬಫರ್ ಇಲ್ಲದ್ದು ದಿನ ಕಳೆದಂತೆ ಹುಳಿಯಾಗಿ ಡಿಎನ್‌ಎಯನ್ನು ಚೂರು ಮಾಡುತ್ತದೆ.

ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕ್‌ನ ಮೊದಲ ಎರಡು ಪದರ ಬಿಸಾಡಿ, 10 ಮೈಕ್ರಾನ್‌ನ ನಾಲ್ಕೈದು ಸೆಕ್ಷನ್ ತೆಗೆಯುತ್ತೇವೆ. ಪ್ರತಿ ಬ್ಲಾಕ್‌ಗೂ ಹೊಸ ಬ್ಲೇಡ್. ನಡುನಡುವೆ ಅಂಗಾಂಶವಿಲ್ಲದ ಬರೀ ಮೇಣದ ಬ್ಲಾಕ್ ಕತ್ತರಿಸಿ, ಅದನ್ನೂ ಕೊನೆಯವರೆಗೆ ಒಯ್ಯುತ್ತೇವೆ. ಅದರಲ್ಲಿ ಬ್ಯಾಂಡ್ (ಡಿಎನ್‌ಎ ಇದೆ ಎನ್ನುವ ಗೆರೆ) ಕಂಡರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ಅಂಟಿದೆ ಎಂದರ್ಥ, ಆ ದಿನದ ಎಲ್ಲವನ್ನೂ ಮೊದಲಿಂದ ಮಾಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಮೇಣವನ್ನು ಕ್ಸೈಲೀನ್‌ನಲ್ಲಿ ಕರಗಿಸಿ, ಆಲ್ಕೊಹಾಲ್‌ನಲ್ಲಿ ಎರಡು ಸಲ ತೊಳೆದು ಒಣಗಿಸಿ, 180 ಮೈಕ್ರೊಲೀಟರ್ ಬಫರ್‌ಗೆ 20 ಮೈಕ್ರೊಲೀಟರ್ ಪ್ರೋಟೀನೇಸ್ ಕೆ (ಪ್ರೋಟೀನ್ ಕರಗಿಸುವ ಕಿಣ್ವ) ಸೇರಿಸಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಬಳಿಕ 90 ಡಿಗ್ರಿಯಲ್ಲಿ ಒಂದು ಗಂಟೆ. ಫಾರ್ಮಲಿನ್ ಡಿಎನ್‌ಎಗೆ ಹಾಕಿದ ರಾಸಾಯನಿಕ ಬೆಸುಗೆಗಳು ಸಡಿಲವಾಗುವುದು ಈ ಕಾವಿಗೇ, ಆದ್ದರಿಂದ ಈ ಹಂತ ಬಿಡಬಾರದು.

ವೈರಸ್ ಹುಡುಕುವ ಮುನ್ನ, ಡಿಎನ್‌ಎ ತುಣುಕಿನ ನಕಲುಗಳನ್ನು ಹೆಚ್ಚಿಸುವ ಪಿಸಿಆರ್‌ನಲ್ಲಿ ಮನುಷ್ಯರದೇ ಜೀನ್ ಆದ ಬೀಟಾ ಗ್ಲೋಬಿನ್‌ನ 110 ಬೇಸ್ (ಡಿಎನ್‌ಎಯ ಅಕ್ಷರ) ತುಣುಕು ಬರುತ್ತದೆಯೇ ನೋಡಬೇಕು. ಬರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಪಿಸಿಆರ್ ಮಾಡಿ. ಆಗ ಬಂದರೆ ಅಡ್ಡಿಯಾದದ್ದು ಉಳಿದ ಆಲ್ಕೊಹಾಲ್ ಅಥವಾ ರಕ್ತ. ಆಗಲೂ ಬರದಿದ್ದರೆ 'ಮಾದರಿ ಪರೀಕ್ಷೆಗೆ ಯೋಗ್ಯವಲ್ಲ' ಎಂದೇ ಬರೆಯಬೇಕು, 'ನೆಗೆಟಿವ್' ಎಂದಲ್ಲ.

ವೈರಸ್ ಹುಡುಕುವ ಎಂವೈ09/11 ಪ್ರೈಮರ್ ಜೋಡಿಗೆ (ಡಿಎನ್‌ಎಗೆ ಅಂಟಿ ನಕಲು ಶುರುಮಾಡುವ ಸಣ್ಣ ತುಣುಕುಗಳು) ಸುಮಾರು 450 ಬೇಸ್‌ನ ಅಖಂಡ ತುಣುಕು ಬೇಕು. ಹಳೆಯ ಬ್ಲಾಕ್‌ಗಳಲ್ಲಿ ಅದು ಸಿಗುವುದು ಅಪರೂಪ. ಜಿಪಿ5+/6+ ಜೋಡಿಗೆ ಸುಮಾರು 150 ಸಾಕು: ಅನೀಲಿಂಗ್ (ಪ್ರೈಮರ್ ಅಂಟುವ ತಾಪ) 40 ಡಿಗ್ರಿ, 40 ಸೈಕಲ್. ತಾಪ ಇಷ್ಟು ಕಡಿಮೆ ಇರುವುದರಿಂದ ಅಡ್ಡಾದಿಡ್ಡಿ ಬ್ಯಾಂಡ್‌ಗಳೂ ಬರುತ್ತವೆ, ಬ್ಯಾಂಡ್ ನೋಡಿಯೇ ಪಾಸಿಟಿವ್ ಅನ್ನಬಾರದು. ಸೂಕ್ಷ್ಮದರ್ಶಕದಲ್ಲಿ ಚರ್ಮದ ನರಹುಲಿಯಂತೆ ಕಂಡರೆ 2 ಮತ್ತು 57ಕ್ಕೆ ಪ್ರತ್ಯೇಕ ಪ್ರೈಮರ್ ಹಾಕುತ್ತೇವೆ.

ಟೈಪ್ ತಿಳಿಯಲು ಸ್ಯಾಂಗರ್ ಸೀಕ್ವೆನ್ಸಿಂಗ್ (ಡಿಎನ್‌ಎಯ ಅಕ್ಷರಗಳನ್ನು ಶಿಖರಗಳ ನಕ್ಷೆಯಾಗಿ ಓದುವ ವಿಧಾನ) ಎರಡೂ ದಿಕ್ಕಿನಿಂದ ಬೇಕು, ಏಕೆಂದರೆ ಪ್ರತಿ ಓದಿನ ಮೊದಲ ಮೂವತ್ತು–ನಲವತ್ತು ಬೇಸ್ ಮಸುಕಾಗಿರುತ್ತವೆ. 6, 11, 13 ಒಂದೇ ಕುಲದ ಹತ್ತಿರದ ನೆಂಟರು. ಹೀಗಾಗಿ ಮೂರರ ಮೂಲ ಸೀಕ್ವೆನ್ಸ್‌ಗಳನ್ನೂ ಪಕ್ಕಕ್ಕಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸುತ್ತೇವೆ. ಒಂದೇ ಜಾಗದಲ್ಲಿ ಜೋಡಿ ಶಿಖರಗಳು ಸಾಲಾಗಿ ಕಂಡರೆ ಎರಡು ಟೈಪ್ ಬೆರೆತಿರಬಹುದು, ಆಗ ಒಂದೊಂದಕ್ಕೂ ಬೇರೆ ಪಿಸಿಆರ್.

ವರದಿಯ ಭಾಷೆಗೆ ನಾವು ಪ್ರಯೋಗದಷ್ಟೇ ಸಮಯ ಕೊಡುತ್ತೇವೆ. ಮಗುವಿನ ತುಟಿ, ಕೆನ್ನೆಯೊಳಗೆ ಹಲವು ಮೆತ್ತನೆಯ ಗಂಟುಗಳಿದ್ದು 13 ಅಥವಾ 32 ಸಿಕ್ಕರೆ ಅದು ಹೆಕ್ ಕಾಯಿಲೆಯ ಪರ ಬಲವಾದ ಸಾಕ್ಷ್ಯ. ಒಂದೇ ಮನೆಯ ಹಲವರಲ್ಲಿ ಅದು ಕಾಣಿಸುವುದುಂಟು. 6 ಅಥವಾ 11 ಸಿಕ್ಕಿತೆಂದ ಮಾತ್ರಕ್ಕೆ ಸೋಂಕು ಹೇಗೆ ತಗುಲಿತು ಎಂದು ಈ ಪರೀಕ್ಷೆ ಹೇಳಲಾರದು. ಆ ಸಾಲನ್ನು ವರದಿಯಲ್ಲಿ ತಪ್ಪದೆ ಸೇರಿಸುತ್ತೇವೆ.