ಕಾರಲೆಯ ನೀರೊಡೆಯ: ಒಬ್ಬ ದೇವರಾಜನನ್ನು ಕಟ್ಟಿದ ಬಗೆ

ನಮ್ಮ ಗೆಳೆಯರ ಗುಂಪಿನಲ್ಲಿ ಟೇಬಲ್ ಸುತ್ತ ಕೂತು ಕಥೆಯಾಟ ಆಡುವ ರೂಢಿ ಇದೆ. ರೋಲ್ ಪ್ಲೇಯಿಂಗ್ ಗೇಮ್ ಅಂತಾರಲ್ಲ, ಅದೇ. ಒಬ್ಬರು ಲೋಕ ಕಟ್ಟಬೇಕು, ಉಳಿದವರು ಅದರೊಳಗೆ ಪಾತ್ರಗಳಾಗಿ ಓಡಾಡಬೇಕು. ಕಟ್ಟುವ ಕೆಲಸ ಸಾಮಾನ್ಯವಾಗಿ ನನ್ನ ತಲೆಗೇ ಬರುತ್ತದೆ. ಈ ಸಲ ಎಲ್ಲರೂ ಸೇರಿ ಕೇಳಿದ್ದು ಒಂದು ದ್ವೀಪ, ಅದರ ಮೇಲೆ ದೇವರೇ ಆಗಿರುವ ಒಬ್ಬ ರಾಜ. ದ್ವೀಪಕ್ಕೆ ಕಾರಲೆ ಅಂತ ಹೆಸರಿಟ್ಟೆ. ರಾಜನಿಗೆ ನೀರೊಡೆಯ. ಪುರ, ವರ್ಮ, ಸೇನ ಇವನ್ನೆಲ್ಲ ದೂರ ಇಟ್ಟೆ. ಅವು ಕಿವಿಗೆ ಬಿದ್ದ ತಕ್ಷಣ ಟಿವಿ ಧಾರಾವಾಹಿಯ ಕಿರೀಟ, ಗದೆ ಕಣ್ಣೆದುರು ಬಂದು ನಿಲ್ಲುತ್ತವೆ.

ಇಂಥ ರಾಜನನ್ನು ಕಟ್ಟುವಾಗ ಹೆಚ್ಚಿನವರು ಅವನ ಶಕ್ತಿಯಿಂದ ಶುರು ಮಾಡುತ್ತಾರೆ. ಮಿಂಚು ಎಸೆಯುತ್ತಾನಾ? ಕಡಲು ಸೀಳುತ್ತಾನಾ? ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅಷ್ಟು ಶಕ್ತಿ ಇದ್ದವನಿಗೆ ಜನರ ಹಂಗೇ ಇಲ್ಲ, ಹಂಗಿಲ್ಲದ ಕಡೆ ಕಥೆಯೂ ಇಲ್ಲ. ನಾನು ಎರಡು ಪ್ರಶ್ನೆ ಬರೆದುಕೊಂಡೆ. ಇವನ ಊಟ, ನೀರು ಯಾರು ತರುತ್ತಾರೆ? ಇವನು ಏನೇನು ಮಾಡುವಂತಿಲ್ಲ? ಉಳಿದದ್ದೆಲ್ಲ ಈ ಎರಡರಿಂದಲೇ ಹುಟ್ಟಿತು.

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪೆಸಿಫಿಕ್ ಸಾಗರದ ಪೊನ್‌ಪೇ ದ್ವೀಪದಲ್ಲಿ. ಇವತ್ತಿನ ಮೈಕ್ರೊನೇಷ್ಯಾ ದೇಶದಲ್ಲಿದೆ ಅದು. ಅದರ ಅಂಚಿನಲ್ಲಿ, ಹವಳದಿಬ್ಬದ ಒಳಗಿನ ತಗ್ಗು ನೀರಿನಲ್ಲಿ, ನಾನ್ ಮಡೋಲ್ ಎಂಬ ಹಾಳು ರಾಜಧಾನಿ ಇದೆ. ನೂರರ ಹತ್ತಿರ ತುಂಡುದ್ವೀಪಗಳು. ಎಲ್ಲವೂ ಮನುಷ್ಯರೇ ಕಲ್ಲು, ಹವಳ ತುಂಬಿಸಿ ಎಬ್ಬಿಸಿದವು. ಹೆಚ್ಚಿನ ಕಟ್ಟೋಣ ನಡೆದದ್ದು ಸುಮಾರು 1200ರಿಂದ 1500ರ ನಡುವೆ. ಯುನೆಸ್ಕೊ 2016ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೂ, ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಒಟ್ಟಿಗೇ ಸೇರಿಸಿತು. ಗೋಡೆಗಳಿಗೆ ಬಳಸಿದ್ದು ಉದ್ದುದ್ದ ಬಸಾಲ್ಟ್ ಕಂಬಗಲ್ಲು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಆರು ಮೂಲೆಯ ಕಂಬಗಳ ಸಾಲು ನೆನಪಿರಬಹುದು. ಲಾವಾ ತಣಿದು ಬಿರಿಯುವಾಗ ತಾನಾಗಿ ಆಗುವ ಆಕಾರ ಅದು. ಪೊನ್‌ಪೇಯವರು ಅಂಥ ಕಲ್ಲುಗಳನ್ನು ತಂದು, ಒಂದು ಸಾಲು ಉದ್ದಕ್ಕೆ, ಇನ್ನೊಂದು ಸಾಲು ಅಡ್ಡಕ್ಕೆ ಇಟ್ಟು ಗೋಡೆ ಎಬ್ಬಿಸಿದರು. ಗಾರೆ ಇಲ್ಲ. ನಾನ್ ದೌವಾಸ್ ಎಂಬ ಸಮಾಧಿಯ ಗೋಡೆಗಳು 20 ಅಡಿಗಿಂತ ಎತ್ತರ.

ನನ್ನನ್ನು ಹಿಡಿದಿಟ್ಟಿದ್ದು ಗೋಡೆಯ ಎತ್ತರ ಅಲ್ಲ. ಆ ರಾಜಧಾನಿಯಲ್ಲಿ ಕುಡಿಯುವ ನೀರಿಲ್ಲ, ಬೆಳೆ ಇಲ್ಲ. ಸೌದೆಲೂರ್ ಎಂಬ ದೊರೆಗಳು ಅಲ್ಲಿ ಕೂತು ಆಳುತ್ತಿದ್ದರೆ, ನೀರು, ಜೀಗುಜ್ಜೆ, ಗೆಡ್ಡೆಗೆಣಸು ಎಲ್ಲ ದೊಡ್ಡ ದ್ವೀಪದಿಂದ ದೋಣಿಯಲ್ಲಿ ಬರಬೇಕಿತ್ತು. ಅಂದರೆ ದೊರೆಯ ದೊಡ್ಡಸ್ತಿಕೆ ದಿನಾ ಬೆಳಿಗ್ಗೆ ಯಾರೋ ಹುಟ್ಟು ಹಾಕುವುದರ ಮೇಲೆ ನಿಂತಿತ್ತು. ಅಲ್ಲೇ ಇದೆಹ್ದ್ ಎಂಬ ತುಂಡುದ್ವೀಪದಲ್ಲಿ ಒಂದು ಪವಿತ್ರ ಹಾವುಮೀನು ಇತ್ತಂತೆ. ಪೂಜಾರಿಗಳು ಕಡಲಾಮೆ ಬೇಯಿಸಿ, ಅದರ ಒಳಭಾಗವನ್ನು ಆ ಮೀನಿಗೆ ಕೊಡುತ್ತಿದ್ದರು. ಜನ ತಿನ್ನಬಹುದಾದ ಆಮೆಯ ಪಾಲು ಮೀನಿನ ಬಾಯಿಗೆ ಹೋಗುತ್ತಿತ್ತು. ಆಳ್ವಿಕೆ ಅಂದರೆ ಇದೇ ಅಲ್ವಾ ಅನಿಸಿತು ನನಗೆ.

ಹಾಗಾಗಿ ಕಾರಲೆಯ ಅರಮನೆಯನ್ನೂ ಕಡಲಿನೊಳಗೆ ಇಟ್ಟೆ. ನೀರೊಡೆಯ ಅಂತ ಬಿರುದು, ಆದರೆ ಅವನ ಮನೆಯಲ್ಲಿ ಒಂದು ಬಾವಿ ಇಲ್ಲ. ದ್ವೀಪದ ಗಾತ್ರ 300 ಚದರ ಕಿಲೋಮೀಟರ್. ಪೊನ್‌ಪೇ ಅದಕ್ಕಿಂತ ಸ್ವಲ್ಪ ದೊಡ್ಡದು, ಪೆಸಿಫಿಕ್‌ನದೇ ಟೊಂಗಾ ದೇಶದ ಟೊಂಗಟಾಪು ದ್ವೀಪ ಸ್ವಲ್ಪ ಚಿಕ್ಕದು. ಎಲ್ಲವೂ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ನಡುವೆ ಒಂದು ಬೆಟ್ಟ. ಗಾಳಿ ಬಡಿಯುವ ಕಡೆ ಮಳೆ ಜಾಸ್ತಿ, ಆಚೆ ಕಡೆ ಒಣನೆಲ. ಆಗುಂಬೆಯಲ್ಲಿ ಸುರಿದದ್ದು ಚಿತ್ರದುರ್ಗಕ್ಕೆ ಸಿಗುವುದಿಲ್ಲವಲ್ಲ, ಹಾಗೆ. ಮಳೆ ಬೀಳುವ ಕಡೆಯವರು ಕೊಡಗಳಲ್ಲಿ ನೀರು ಕಳಿಸುತ್ತಾರೆ. ಒಣಗಡೆಯವರು ಒಣಮೀನು, ಹಗ್ಗ, ಚಾಪೆ ಕಳಿಸುತ್ತಾರೆ. ಎರಡೂ ಅರಮನೆಗೆ ಬಂದು, ಅಲ್ಲಿಂದ ಹಂಚಿಕೆಯಾಗಬೇಕು. ರಾಜನ ಕೈ ದಾಟದೆ ಒಂದು ಕೊಡ ನೀರೂ ಬೆಟ್ಟದ ಆಚೆ ಹೋಗುವಂತಿಲ್ಲ. ಈ ಒಂದು ನಿಯಮ ಇಟ್ಟ ಮೇಲೆ ಅವನಿಗೆ ಮಿಂಚು, ಗುಡುಗು ಯಾವುದೂ ಬೇಕಾಗಲಿಲ್ಲ.

ನಮ್ಮ ಗುಂಪಿನಲ್ಲಿ ಒಬ್ಬ ಸಿವಿಲ್ ಇಂಜಿನಿಯರ್ ಇದ್ದಾನೆ. ನಕ್ಷೆ ನೋಡಿದವನೇ, "ಅಲ್ಲ ಮಾರಾಯ, ಈ ಕಲ್ಲೆಲ್ಲ ಯಾರು ಹೊತ್ತದ್ದು?" ಅಂತ ಕೇಳಿದ. ಪೊನ್‌ಪೇಯ ಹಳೆ ಕಥೆಯಲ್ಲಿ ಒಲಿಸಿಪ, ಒಲೊಸೊಪ ಎಂಬ ಇಬ್ಬರು ಮಂತ್ರವಾದಿ ಸಹೋದರರು ಕಲ್ಲುಗಳನ್ನು ಗಾಳಿಯಲ್ಲಿ ಹಾರಿಸಿ ತಂದರು ಅಂತ ಇದೆ. ಹವಾಯಿಯಲ್ಲಿ ಬೇರೆ ತರಹ. ಕಮೇಹಮೇಹ ರಾಜ 1790-91ರಲ್ಲಿ ಪುಉಕೊಹೊಲಾ ಎಂಬ ದೇವಸ್ಥಾನ ಕಟ್ಟಿಸಿದಾಗ, ಪೊಲೊಲು ಕಣಿವೆಯಿಂದ 20 ಮೈಲಿಗೂ ಹೆಚ್ಚು ದೂರ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು ಅನ್ನುತ್ತಾರೆ. ನಾನು ಎರಡನ್ನೂ ಇಟ್ಟುಕೊಂಡೆ. ಕಾರಲೆಯಲ್ಲಿ ಅರಮನೆಯವರು ಹೇಳುವುದು ಕಲ್ಲು ಹಾರಿ ಬಂತು ಅಂತ. ಒಣಗಡೆಯ ಅಜ್ಜಿಯರು ಹೇಳುವುದು ತಮ್ಮ ಅಜ್ಜಂದಿರ ಬೆನ್ನು ಹೇಗೆ ಮುರಿಯಿತು ಅಂತ. ಯಾವುದು ನಿಜ ಅಂತ ಆಟದಲ್ಲಿ ನಾನು ಹೇಳುವುದೇ ಇಲ್ಲ. ಕರಾವಳಿಯಲ್ಲಿ ಬೆಳೆದವನಿಗೆ ಇದು ಹೊಸದಲ್ಲ. ಒಂದೇ ದೈವದ ಪಾಡ್ದನ ಊರಿಂದ ಊರಿಗೆ ಬೇರೆಯಾಗುತ್ತದೆ, ಹಾಡುವವರು ಯಾರು ಅನ್ನುವುದರ ಮೇಲೂ ಬದಲಾಗುತ್ತದೆ.

ದೈವದ ಮಾತು ಬಂತು ಅಂತ ಒಂದು ವಿಷಯ ಹೇಳಿಬಿಡುತ್ತೇನೆ. ಕೋಲದಲ್ಲಿ ಮನುಷ್ಯನ ಮೈಯಲ್ಲಿ ದೈವ ಬರುವುದು ಒಂದು ರಾತ್ರಿಯ ಮಟ್ಟಿಗೆ. ಆ ಹೊತ್ತು ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನನೂ ಕೈಮುಗಿದು ನಿಲ್ಲಬೇಕು. ಬೆಳಗಾದರೆ ಬಣ್ಣ ತೊಳೆದುಕೊಂಡು ಅವರು ಮನೆಗೆ ಹೋಗುತ್ತಾರೆ. ಇನ್ನು ನಮ್ಮ ರಾಜರು? "ರಾಜಾ ಪ್ರತ್ಯಕ್ಷ ದೇವತಾ" ಅನ್ನುವ ಮಾತೇನೋ ಇದೆ. ಆದರೆ ವಿಜಯನಗರದ ಅರಸರು ಶಾಸನದ ಕೊನೆಗೆ ಹಾಕುತ್ತಿದ್ದ ಅಂಕಿತ "ಶ್ರೀ ವಿರೂಪಾಕ್ಷ". ತಿರುವಾಂಕೂರಿನ ಮಾರ್ತಾಂಡ ವರ್ಮ 1750ರಲ್ಲಿ ರಾಜ್ಯವನ್ನೇ ಪದ್ಮನಾಭನಿಗೆ ಒಪ್ಪಿಸಿ, ತಾನು ಪದ್ಮನಾಭದಾಸ ಆದ. ದೇವರ ಹೆಸರಿನಲ್ಲಿ ಆಳುವುದು ಜಾಣತನ. ತಪ್ಪಾದರೆ ದೇವರ ಇಚ್ಛೆ, ಸರಿಯಾದರೆ ದೇವರ ಸೇವೆ. ತಾನೇ ದೇವರು ಅಂದುಕೊಂಡವನಿಗೆ ಆ ಅನುಕೂಲ ಇಲ್ಲ. ಮಳೆ ಬರಲಿಲ್ಲ ಅಂದರೆ ಅದು ಅವನದೇ ತಪ್ಪು. ಬೆಳಿಗ್ಗೆ ಬಣ್ಣ ತೊಳೆಯುವ ಹಾಗೂ ಇಲ್ಲ. ನನ್ನ ನೀರೊಡೆಯ ಈ ಇಕ್ಕಟ್ಟಿನಲ್ಲಿ ಸಿಕ್ಕಿದವನು. ಆಟದ ರುಚಿ ಅಲ್ಲೇ ಇದೆ ಅಂತ ನನ್ನ ಲೆಕ್ಕ.

ಎರಡನೇ ಪ್ರಶ್ನೆಗೆ, ಅಂದರೆ ಏನು ಮಾಡುವಂತಿಲ್ಲ ಅನ್ನುವುದಕ್ಕೆ, ಹವಾಯಿಯ ಕಪು ಕಟ್ಟಳೆಗಳು ದೊಡ್ಡ ಗಣಿ. ಗಂಡಸರು, ಹೆಂಗಸರು ಒಟ್ಟಿಗೆ ಊಟ ಮಾಡುವಂತಿರಲಿಲ್ಲ. ಹೆಂಗಸರಿಗೆ ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಜಾತಿಯ ಬಾಳೆಹಣ್ಣು ನಿಷಿದ್ಧ. ತೀರಾ ಮೇಲಿನ ದರ್ಜೆಯ ಅರಸರು ಬಂದರೆ ಜನ ನೆಲಕ್ಕೆ ಬೀಳಬೇಕು, ತಪ್ಪಿದರೆ ಸಾವು. ಇದರಿಂದ ಜನರ ಕೆಲಸ ನಿಲ್ಲುತ್ತದೆ ಅಂತ ಅಂಥ ಕೆಲವರು ರಾತ್ರಿ ಹೊತ್ತೇ ಓಡಾಡುತ್ತಿದ್ದರಂತೆ. ಈ ವಿವರ ಓದಿದಾಗ ಖುಷಿಯಾಗಿ ಎದ್ದು ನಿಂತೆ. ತನ್ನ ಪವಿತ್ರತೆಯಿಂದ ಬೇರೆಯವರಿಗೆ ತೊಂದರೆಯಾಗುತ್ತದೆ ಅಂತ ಕತ್ತಲಲ್ಲಿ ನಡೆಯುವ ರಾಜ! ಇಂಥದ್ದನ್ನು ಸುಮ್ನೆ ಕೂತು ಕಲ್ಪಿಸಿಕೊಳ್ಳಲು ನನ್ನಿಂದಂತೂ ಆಗುತ್ತಿರಲಿಲ್ಲ.

ನೀರೊಡೆಯನಿಗೆ ನಾನು ಕೊಟ್ಟ ಕಟ್ಟಳೆ ಕೆಲವೇ. ಅವನು ಕುಡಿಯುವುದನ್ನು ಯಾರೂ ನೋಡಬಾರದು. ಹರಿಯುವ ನೀರನ್ನು ಅವನು ದಾಟಬಾರದು, ಹಾಗಾಗಿ ಬೆಟ್ಟದ ಕಡೆ ಕಾಲಿಡುವ ಹಾಗೇ ಇಲ್ಲ. ಪಟ್ಟಕ್ಕೆ ಬಂದ ದಿನ ಹುಟ್ಟಿದ ಹೆಸರು ಬಿಡಬೇಕು, ಆಮೇಲೆ ಅದನ್ನು ಯಾರೂ ಕರೆಯುವಂತಿಲ್ಲ. ಕಟ್ಟಳೆ ಜಾಸ್ತಿ ಆದರೆ ಆಡುವವರಿಗೆ ನೆನಪಿರುವುದಿಲ್ಲ. ಕೆಲವೇ ಇದ್ದರೆ ಯಾವುದನ್ನು ಮುರಿಯಬಹುದು ಅಂತ ಯೋಚಿಸಲು ಶುರು ಮಾಡುತ್ತಾರೆ. ನಮಗೆ ಬೇಕಾದದ್ದೂ ಅದೇ.

ರಾಜನ ಸುತ್ತ ಯಾರಿರಬೇಕು ಅನ್ನುವುದನ್ನು ಟೊಂಗಾದಿಂದ ತೆಗೆದುಕೊಂಡೆ. ಅಲ್ಲಿನ ಪವಿತ್ರ ರಾಜನಿಗೆ ತುಯಿ ಟೊಂಗಾ ಅಂತ ಹೆಸರು. ಮೊದಲನೆಯವನಾದ ಅಹೊಎಇತುವಿನ ಕಥೆ ಕೇಳಿ. ತಂದೆ ಆಕಾಶದ ದೇವರು, ತಾಯಿ ಭೂಮಿಯ ಹೆಂಗಸು. ಹುಡುಗ ಮರ ಹತ್ತಿ ಅಪ್ಪನನ್ನು ಹುಡುಕಿಕೊಂಡು ಆಕಾಶಕ್ಕೆ ಹೋದ. ಅಲ್ಲಿದ್ದ ಮಲಸಹೋದರರು ಹೊಟ್ಟೆಕಿಚ್ಚಿನಿಂದ ಅವನನ್ನು ಕೊಂದು ತಿಂದುಬಿಟ್ಟರು. ಅಪ್ಪ ಅವರಿಂದ ಒಂದು ಮರಿಗೆಗೆ ವಾಂತಿ ಮಾಡಿಸಿ, ಮಗನನ್ನು ಬದುಕಿಸಿ, ರಾಜನಾಗಿ ಕೆಳಗೆ ಕಳಿಸಿದ. ತಿಂದ ಅಣ್ಣಂದಿರು ಅವನ ಸೇವಕರಾದರು. ರಾಜ ದೇವರ ಮಗ ಅನ್ನುವ ಕಥೆ ಎಲ್ಲ ಕಡೆ ಇದೆ. ಆದರೆ ಅರಮನೆಯ ಊಳಿಗದವರು ಯಾಕೆ ಊಳಿಗದವರಾದರು ಅಂತಲೂ ಇದೇ ಕಥೆ ಹೇಳಿಬಿಡುತ್ತದೆ ನೋಡಿ. ಒಳ್ಳೆಯ ಪುರಾಣ ರಾಜನೊಬ್ಬನ ಪುರಾಣ ಆಗಿರುವುದಿಲ್ಲ. ಅದರಲ್ಲಿ ಅಡುಗೆಯವನಿಗೂ ಒಂದು ಜಾಗ ಇರುತ್ತದೆ. ಕಾರಲೆಯ ಕಥೆಯಲ್ಲಿ ನೀರು ಹೊರುವ ಮನೆತನ, ದೋಣಿಯ ಮನೆತನ ಎರಡಕ್ಕೂ ಹೀಗೆ ಒಂದೊಂದು ಹಳೆಯ ಪಾಪ ಅಂಟಿಸಿದೆ.

15ನೇ ಶತಮಾನದಲ್ಲಿ ತಕಲೌವ ಎಂಬ ತುಯಿ ಟೊಂಗಾನನ್ನು ಕೊಂದರು. ಅವನ ಮಗ ಕೊಂದವರನ್ನು ದ್ವೀಪದಿಂದ ದ್ವೀಪಕ್ಕೆ ಅಟ್ಟಿಸಿಕೊಂಡು ಹೋಗಿ ಹಿಡಿದ. ಆಮೇಲೆ ಮಾಡಿದ ಕೆಲಸ ಸ್ವಾರಸ್ಯದ್ದು. ಪವಿತ್ರ ಪಟ್ಟವನ್ನು ತಾನು ಇಟ್ಟುಕೊಂಡು, ದಿನನಿತ್ಯದ ಆಡಳಿತಕ್ಕೆ ತುಯಿ ಹಾಅತಕಲೌವ ಅಂತ ಹೊಸ ಪಟ್ಟ ಮಾಡಿ ತಮ್ಮನಿಗೆ ಕೊಟ್ಟ. ಕ್ರಮೇಣ ಅಧಿಕಾರ ಅತ್ತ ಜಾರಿತು, ಗೌರವ ಇತ್ತ ಉಳಿಯಿತು. ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು. ತುಯಿ ಟೊಂಗಾನ ಅಕ್ಕನಿಗೆ ತುಯಿ ಟೊಂಗಾ ಫೆಫಿನೆ ಅಂತ ಪಟ್ಟ. ದರ್ಜೆಯಲ್ಲಿ ಅವಳು ಅವನಿಗಿಂತ ಮೇಲು. ದೇಶವೆಲ್ಲ ಯಾರ ಪಾದ ಮುಟ್ಟುತ್ತದೋ ಅವನು ತನ್ನ ಅಕ್ಕನಿಗೆ ತಲೆಬಾಗಬೇಕು.

ಹೀಗೆ ಕಾರಲೆಗೆ ಹಿರಿಯಕ್ಕ ಬಂದಳು. ಆಟ ಶುರುವಾದ ಮೇಲೆ ಎಲ್ಲವನ್ನೂ ತಿರುಗಿಸಿದ್ದು ಅವಳೇ. ಕತ್ತಿ ಹಿಡಿದು ಬಂದ ಒಬ್ಬ ಗೆಳೆಯ ರಾಜನನ್ನು ಕೊಲ್ಲುವ ಯೋಜನೆ ಹಾಕುತ್ತಲೇ ಇದ್ದ. ಆದರೆ ಕೊಂದರೆ ಇನ್ನೊಬ್ಬ ನೀರೊಡೆಯ ಬರುತ್ತಾನೆ, ಕೊಡದ ಲೆಕ್ಕ ಹಾಗೇ ಮುಂದುವರಿಯುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗೆಳತಿಗೆ ಇದು ಬೇಗ ಹೊಳೆಯಿತು. ಅವಳ ಪಾತ್ರ ದೋಣಿಯ ಮನೆತನದ ಹುಡುಗಿ. ಅವಳು ನೇರ ಹಿರಿಯಕ್ಕನ ಹತ್ತಿರ ಹೋಗಿ ಕೂತಳು. "ನೀವು ಹೇಳಿದ್ದನ್ನು ಅವರು ಇಲ್ಲ ಅನ್ನುವ ಹಾಗಿಲ್ಲ ಅಲ್ವಾ, ಅಕ್ಕಾ?" ಅಂತ ಕೇಳಿದಳು. ಕತ್ತಿಯವನಿಗೆ ಅವತ್ತಿನಿಂದ ಬೇಜಾರು. ಇರಲಿ, ಎಲ್ಲರನ್ನೂ ಮೆಚ್ಚಿಸಲು ಆಗುವುದಿಲ್ಲ.

ಮುಂದೆ ಏನಾಗಬಹುದು ಅಂತ ಯೋಚಿಸಲು ನನ್ನ ಕೈಯಲ್ಲಿ 1819ರ ಹವಾಯಿ ಇತ್ತು. ಆ ವರ್ಷ ಮೇ ತಿಂಗಳಲ್ಲಿ ಕಮೇಹಮೇಹ ತೀರಿಕೊಂಡ. ಮಗ ಲಿಹೊಲಿಹೊ ಪಟ್ಟಕ್ಕೆ ಬಂದ. ಸತ್ತ ರಾಜನ ಮೆಚ್ಚಿನ ರಾಣಿ ಕಾಅಹುಮನುಗೆ ಕಪು ಕಟ್ಟಳೆ ಬೇಡವಾಗಿತ್ತು. ಹುಡುಗನ ತಾಯಿ ಕೆಒಪುಒಲನಿ ಕೂಡ ಅತ್ತಲೇ ವಾಲಿದಳು. ಈ ತಾಯಿ ಹುಟ್ಟಿನ ಪವಿತ್ರತೆಯಲ್ಲಿ ಗಂಡನಿಗಿಂತಲೂ ಮೇಲಿನವಳು. ಕಟ್ಟಳೆಯಿಂದ ಎಲ್ಲರಿಗಿಂತ ಹೆಚ್ಚು ಗೌರವ ಪಡೆಯುತ್ತಿದ್ದವಳೇ ಅದನ್ನು ಬಿಟ್ಟಳು. ನವೆಂಬರಿನಲ್ಲಿ ಒಂದು ಔತಣ. ಲಿಹೊಲಿಹೊ ಎದ್ದು ಹೋಗಿ ಹೆಂಗಸರ ಪಂಕ್ತಿಯಲ್ಲಿ ಕೂತು ಊಟ ಮಾಡಿದ. ಅಷ್ಟೇ. ದೇವರುಗಳು ಸಿಟ್ಟಾಗಲಿಲ್ಲ. ಕ್ರೈಸ್ತ ಮಿಷನರಿಗಳ ಮೊದಲ ಹಡಗು ಅಲ್ಲಿಗೆ ತಲುಪಿದ್ದು ಮರುವರ್ಷ. ಅಂದರೆ ಹೊರಗಿನವರು ಬಂದು ಉಪದೇಶ ಮಾಡುವ ಮೊದಲೇ ಅರಮನೆಯವರು ತಾವಾಗಿ ಇದನ್ನು ಮುಗಿಸಿದ್ದರು. ಹಳೆಯ ಧರ್ಮದ ಪರವಾಗಿ ಕೆಕುಆಒಕಲನಿ ಎಂಬ ದಾಯಾದಿ ದಂಗೆ ಎದ್ದ. ಡಿಸೆಂಬರಿನಲ್ಲಿ ಕುಆಮೊಒ ಎಂಬಲ್ಲಿ ಕಾಳಗವಾಗಿ ಅವನು ಸತ್ತ.

ಕಾರಲೆಯಲ್ಲಿ ಹಿರಿಯಕ್ಕ ತಮ್ಮನನ್ನು ಕರೆಸಿ, ದೋಣಿಕಟ್ಟೆಯಲ್ಲಿ ಎಲ್ಲರೆದುರು ಒಂದು ಚೊಂಬು ನೀರು ಕೊಟ್ಟಳು. ಕುಡಿ ಅಂದಳು. ಅವನ ಹುಟ್ಟುಹೆಸರು ಹಿಡಿದೇ ಕರೆದಳು. ಮುಂದೇನಾಗುತ್ತದೆ ಅಂತ ತೀರ್ಮಾನಿಸಲು ಇಂಥ ಆಟದಲ್ಲಿ ಡೈಸ್ ಹಾಕುವುದುಂಟು, ನಾನು ಹಾಕಿಸಲಿಲ್ಲ. ಇಂಥ ಜಾಗದಲ್ಲಿ ಡೈಸ್ ಹಾಕಿಸುವುದು ನನಗೆ ಸರಿಬರುವುದಿಲ್ಲ. ಅವನು ಕುಡಿದ.

ಈಗ ಎದುರಿಗಿರುವ ಪ್ರಶ್ನೆ ನೀರಿನದ್ದೇ. ನಾಳೆ ಬೆಳಿಗ್ಗೆ ದೋಣಿ ಬರುತ್ತದಾ? ಮಳೆಗಡೆಯವರು ಯಾಕಾದರೂ ಕಳಿಸಬೇಕು? ಕಳಿಸದಿದ್ದರೆ ಅರಮನೆಗಿಂತ ಮೊದಲು ಬಾಯಾರುವುದು ಒಣಗಡೆಯ ಊರುಗಳು. ಇದನ್ನು ಹೇಳಿದಾಗ ಟೇಬಲ್ ಸುತ್ತ ಜೋರು ಜಗಳ ಆಯಿತು. ಇಂಜಿನಿಯರ್ ಗೆಳೆಯ ಬೆಟ್ಟ ಕೊರೆದು ಕಾಲುವೆ ತೋಡುವ ಮಾತಾಡುತ್ತಿದ್ದಾನೆ. ನರ್ಸ್ ಗೆಳತಿಗೆ ಯಾವ ಊರಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವ ಪಟ್ಟಿ ಬೇಕಂತೆ. ನಾನು ಊರೂರಿನ ಕೊಡದ ಲೆಕ್ಕ ಬರೆಯುತ್ತಾ ಕೂತಿದ್ದೇನೆ. ಕತ್ತಿಯವನು ಫೋನ್ ಮಾಡಿ, ದಂಗೆ ಏಳುವ ದಾಯಾದಿಯ ಪಾತ್ರ ತನಗೇ ಕೊಡಬೇಕು ಅಂದಿದ್ದಾನೆ. ಕೊಡುವುದು ಅಂತ ಇದ್ದೇನೆ.