ವಾಪಸ್ ದಾರಿ ಮೊದಲು, ಟಿಕೆಟ್ ಆಮೇಲೆ: ಬ್ಯಾಗ್ ಹೊತ್ತು ತಿರುಗುವಾಗ ದಿಢೀರ್ ಕಾನ್ಸರ್ಟ್‌ಗೆ ಹೋಗುವುದು ಹೇಗೆ

ದೊಡ್ಡ ಕಾನ್ಸರ್ಟ್‌ಗೆ ದಿಢೀರನೆ ಹೊರಟರೆ ಜೇಬಿಗೆ ಕತ್ತರಿ ಹಾಕುವುದು ಆ ಒಂದು ರಾತ್ರಿಯ ರೂಮು. ಟಿಕೆಟ್ ಹೇಗೋ ಸಿಗುತ್ತದೆ, ಅಥವಾ ಸಿಗುವುದಿಲ್ಲ. ರೂಮಿನ ಬಾಡಿಗೆ ಮಾತ್ರ ಊರಿಗೆ ಊರೇ ಮಾತಾಡಿಕೊಂಡಂತೆ ಏರಿಬಿಡುತ್ತದೆ.

ಬ್ರಿಟಿಷ್ ಬ್ಯಾಂಡ್ ಕೋಲ್ಡ್‌ಪ್ಲೇ 2025ರ ಜನವರಿ 25 ಮತ್ತು 26ರಂದು ಅಹಮದಾಬಾದಿನಲ್ಲಿ ಹಾಡಿದಾಗ ನಾನು ಗುಜರಾತಿನದೇ ಕಛ್‌ನಲ್ಲಿ ತಿರುಗುತ್ತಿದ್ದೆ. ಭುಜ್‌ನ ಡಾರ್ಮಿಟರಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮೊದಲ ಮಾರಾಟದ ದಿನ, ಅಂದರೆ 2024ರ ಸೆಪ್ಟೆಂಬರ್‌ನಲ್ಲಿ, ಅವರದೇ ಮುಂಬೈ ಶೋಗಳ ಟಿಕೆಟ್‌ಗೆ ಬುಕ್‌ಮೈಶೋದಲ್ಲಿ ಕೋಟಿಗೂ ಜಾಸ್ತಿ ಜನ ಕ್ಯೂ ನಿಂತಿದ್ದರು. ಹಾಗಾಗಿ ನಾನು ಆಸೆಯನ್ನೇ ಇಟ್ಟುಕೊಂಡಿರಲಿಲ್ಲ. ಆದರೂ ಹೋದೆ. ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಊರು, ಬ್ಯಾಂಡ್ ಬದಲಾದರೂ ಕ್ರಮ ಹೆಚ್ಚು ಕಡಿಮೆ ಇದೇ.

ಮೊದಲು ಮ್ಯಾಪ್ ತೆಗೆಯಿರಿ

ಟಿಕೆಟ್ ಪುಟ ತೆರೆಯುವ ಮುಂಚೆ ಒಂದು ಪ್ರಶ್ನೆ: ರಾತ್ರಿ ಹತ್ತೂವರೆಗೆ ಶೋ ಮುಗಿದರೆ ನಾನು ಎಲ್ಲಿಗೆ ಹೋಗುತ್ತೇನೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಆ ಊರಿನ ಕಾನ್ಸರ್ಟ್ ಬಿಡಿ.

ಅಹಮದಾಬಾದಿನಲ್ಲಿ ಉತ್ತರ ಸುಲಭವಾಗಿತ್ತು. ನರೇಂದ್ರ ಮೋದಿ ಸ್ಟೇಡಿಯಂ ಮೊಟೇರಾದಲ್ಲಿದೆ, ಹತ್ತಿರವೇ ಮೆಟ್ರೊ ನಿಲ್ದಾಣ. ಎರಡೂ ದಿನ ಮಧ್ಯರಾತ್ರಿ ದಾಟುವವರೆಗೆ ಮೆಟ್ರೊ ಓಡಿಸುತ್ತೇವೆ ಎಂದು ಮೊದಲೇ ಪ್ರಕಟಿಸಿದ್ದರು. ಮೊಟೇರಾದಿಂದ ಓಲ್ಡ್ ಹೈಕೋರ್ಟ್ ನಿಲ್ದಾಣಕ್ಕೆ ಬಂದು, ಅಲ್ಲಿ ಲೈನ್ ಬದಲಿಸಿದರೆ ಕಾಲುಪುರ. ಅದೇ ಅಹಮದಾಬಾದ್ ಜಂಕ್ಷನ್. ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ ವಡೋದರಾ. ಹಗಲು ರಾತ್ರಿ ರೈಲು ಇರುವ ದಾರಿ.

ವಡೋದರಾದಲ್ಲಿ ಆ ವಾರವೂ ರೂಮಿನ ಬಾಡಿಗೆ ಮನುಷ್ಯರು ಕೊಡುವಂತಿತ್ತು. ಅಹಮದಾಬಾದಿನಲ್ಲಿ ಅಲ್ಲ. ಹೀಗಾಗಿ ರಾತ್ರಿಯನ್ನು ಕಾಲುಪುರದ ವೇಟಿಂಗ್ ಹಾಲ್‌ನಲ್ಲಿ ಕಳೆಯುವುದು, ಬೆಳಗಿನ ರೈಲಿಗೆ ವಡೋದರಾಕ್ಕೆ ಹೋಗಿ ಮಲಗುವುದು ಅಂತ ಲೆಕ್ಕ ಹಾಕಿದೆ. ಹುಡುಗಿಯರಿಗೆ ಇದು ಸರಿಯಾ ಅಂತ ಕೇಳುತ್ತೀರಿ. ದೊಡ್ಡ ಜಂಕ್ಷನ್‌ನ ಮಹಿಳಾ ವೇಟಿಂಗ್ ಹಾಲ್ ನನಗೆ ಅಪರಿಚಿತ ಓಣಿಯ ಅಗ್ಗದ ಲಾಡ್ಜ್‌ಗಿಂತ ನೂರು ಪಾಲು ಮೇಲು. ಆದರೆ ಒಳಗೆ ಕೂರಲು ಕೈಯಲ್ಲಿ ಟಿಕೆಟ್ ಇರಬೇಕು. 200 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತೆಗೆದರೆ ಮೂರು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು ಅನ್ನುವ ನಿಯಮ ಬೇರೆ. ಮಧ್ಯಾಹ್ನವೇ ತೆಗೆದಿಟ್ಟರೆ ರಾತ್ರಿಗೆ ಅದು ಬರೀ ಚೀಟಿ. ಬೆಳಗಿನ ರೈಲಿಗೆ ಅಗ್ಗದ ರಿಸರ್ವೇಶನ್ ಮಾಡಿಟ್ಟರೆ ಈ ತಲೆನೋವೇ ಇಲ್ಲ.

ಹೋಗುವ ದಾರಿ ಇನ್ನೂ ಸುಲಭ. ಭುಜ್‌ನಿಂದ ಅಹಮದಾಬಾದಿಗೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ನಮೋ ಭಾರತ್ ರ‍್ಯಾಪಿಡ್ ರೈಲು ಇದೆ. ಆಗ ಅದು ಬೆಳಗ್ಗೆ ಐದಕ್ಕೆ ಬಿಟ್ಟು ಹನ್ನೊಂದರೊಳಗೆ ಕಾಲುಪುರ ಮುಟ್ಟಿಸುತ್ತಿತ್ತು. ಆಗಿನ ಚಾರ್ಜು ಸುಮಾರು ₹450. ಇಡೀ ರೈಲೇ ರಿಸರ್ವೇಶನ್ ಇಲ್ಲದ್ದು. ಹಿಂದಿನ ರಾತ್ರಿ ಮನಸ್ಸು ಮಾಡಿದವರಿಗೆ ಇದಕ್ಕಿಂತ ಇನ್ನೇನು ಬೇಕು?

ಟಿಕೆಟ್

ಸೋಲ್ಡ್ ಔಟ್ ಅಂತ ಕಂಡರೆ ಕೈ ಚೆಲ್ಲಬೇಡಿ. ಸ್ಟೇಜ್ ಕಟ್ಟಿದ ಮೇಲೆ ಯಾವ ಸೀಟಿನಿಂದ ಎಷ್ಟು ಕಾಣುತ್ತದೆ ಅಂತ ಗೊತ್ತಾಗಿ, ಅಲ್ಲಿಯವರೆಗೆ ತಡೆಹಿಡಿದಿದ್ದ ಕೆಲವು ಸೀಟು ಬಿಡುತ್ತಾರೆ. ಪ್ರಾಯೋಜಕರಿಗೆ ಎತ್ತಿಟ್ಟಿದ್ದರಲ್ಲೂ ಒಂದಿಷ್ಟು ವಾಪಸ್ ಬರುತ್ತದೆ. ಅವೆಲ್ಲ ಕೊನೆಯ ದಿನಗಳಲ್ಲಿ ಸದ್ದಿಲ್ಲದೆ ಮಾರಾಟಕ್ಕೆ ಬೀಳುತ್ತವೆ. ಅಧಿಕೃತ ಪುಟವನ್ನು ಬೆಳಗ್ಗೆ ಎದ್ದ ಕೂಡಲೇ, ಮತ್ತೆ ಸಂಜೆ, ಒಂಟಿ ಸೀಟು ಅಂತ ಹಾಕಿ ನೋಡಿ. ಒಬ್ಬರೇ ತಿರುಗುವವರಿಗೆ ಇರುವ ದೊಡ್ಡ ಲಾಭ ಇದೇ. ನಾಲ್ಕು ಜನರ ಗುಂಪಿಗೆ ಸಿಗದ ಮೂಲೆ ಸೀಟು ನಿಮಗೆ ಸಿಗುತ್ತದೆ. ನನಗೆ ಹಾಗೇ ಸಿಕ್ಕಿತು, ಮೇಲಿನ ಸ್ಟ್ಯಾಂಡಿನಲ್ಲಿ.

ಕೋಲ್ಡ್‌ಪ್ಲೇಯವರದ್ದೇ ಇನ್ನೊಂದು ದಾರಿ ಇದೆ, ಇನ್ಫಿನಿಟಿ ಟಿಕೆಟ್. ಭಾರತದಲ್ಲಿ ಒಂದಕ್ಕೆ ₹2,000 ಇತ್ತು. ಎರಡೆರಡೇ ಕೊಳ್ಳಬೇಕು, ಸೀಟು ಎಲ್ಲಿ ಅಂತ ಶೋ ದಿನ ಬಾಕ್ಸ್ ಆಫೀಸಿನಲ್ಲೇ ಗೊತ್ತಾಗುವುದು. ಅದು ಮಾರಾಟಕ್ಕೆ ಬಂದಿದ್ದು ಶೋಗೆ ಎರಡು ತಿಂಗಳು ಮುಂಚೆ, ಆದರೆ ಜೊತೆಗಾರ ಕೈಕೊಟ್ಟವರು ಹಾಸ್ಟೆಲ್‌ಗಳಲ್ಲಿ ಸಿಗುತ್ತಾರೆ. ವಿಚಾರಿಸಿ ನೋಡಿ.

ಬ್ಲ್ಯಾಕ್ ಬೇಡ. ನೀತಿಪಾಠ ಅಲ್ಲ ಇದು. ನಕಲಿ ಟಿಕೆಟ್ ಹಾವಳಿ ಎಷ್ಟಿತ್ತೆಂದರೆ ಬುಕ್‌ಮೈಶೋದವರೇ ಪೊಲೀಸರಿಗೆ ದೂರು ಕೊಟ್ಟಿದ್ದರು. ಗೇಟಿನಲ್ಲಿ ಸ್ಕ್ಯಾನ್ ಆಗದಿದ್ದರೆ ನಿಮ್ಮ ಮಾತು ಕೇಳಲು ಯಾರೂ ಇರುವುದಿಲ್ಲ. ಯಾರೋ ಅಸಲು ಬೆಲೆಗೇ ಕೊಡುತ್ತೇನೆ ಅಂದರೆ ಅವರ ಜೊತೆಗೇ ಗೇಟ್ ದಾಟಿ, ಒಳಗೆ ಹೋದ ಮೇಲೆ ದುಡ್ಡು ಕೊಡಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಅಹಮದಾಬಾದಿನಲ್ಲಿ ಟಿಕೆಟ್ ಬೆಲೆ ₹2,500ರಿಂದ ಶುರುವಾಗಿ ಹತ್ತು ಸಾವಿರ ದಾಟಿತ್ತು. ಅಗ್ಗದ ಸೀಟೇ ವಾಸಿ ಅಂತ ನನ್ನ ಹಟ. ಕಾರಣ ಇದೆ. ಒಳಗೆ ಹೋಗುವಾಗ ಕೈಗೆ ಒಂದು ಎಲ್‌ಇಡಿ ಬ್ಯಾಂಡ್ ಕೊಡುತ್ತಾರೆ, ಬಿಳಿ ಪಟ್ಟಿ, ಮೇಲೊಂದು ಸಣ್ಣ ಉಬ್ಬು. ಕಟ್ಟಿಕೊಂಡಾಗ ಅದರಲ್ಲಿ ಏನೂ ಇಲ್ಲ. ಮೊದಲ ಹಾಡಿಗೆ ಅದು ತಾನಾಗೇ ಹತ್ತಿಕೊಂಡಿತು. ಪಕ್ಕದ ಅಜ್ಜಿಯೊಬ್ಬರು ಬೆಚ್ಚಿ ಕೈ ಒದರಿದರು. ಆಮೇಲೆ ತಲೆ ಎತ್ತಿ ನೋಡಿದರೆ ಎದುರಿನ ಸ್ಟ್ಯಾಂಡ್ ಪೂರ್ತಿ ಕೆಂಪು, ಮರುಕ್ಷಣ ನೀಲಿ, ಅಲೆಯಂತೆ ಸುತ್ತು ಹೊಡೆದು ನಮ್ಮ ಸಾಲಿಗೇ ಬಂತು. ಲಕ್ಷ ಕೈಗಳ ಈ ಆಟ ಕೆಳಗೆ ನೆಲದಲ್ಲಿ ನಿಂತವರಿಗೆ ಅರ್ಧವೂ ಕಾಣುವುದಿಲ್ಲ. ಹಾಡುವವರ ಮುಖ ಹೇಗೂ ಎಲ್ಲರೂ ನೋಡುವುದು ಸ್ಕ್ರೀನಲ್ಲೇ, ಅಲ್ವಾ? ಹೊರಡುವಾಗ ಬ್ಯಾಂಡ್ ವಾಪಸ್ ಕೊಡಿ. ಯಾವ ಊರಿನವರು ಶೇಕಡಾ ಎಷ್ಟು ವಾಪಸ್ ಕೊಟ್ಟರು ಅಂತ ಕೋಲ್ಡ್‌ಪ್ಲೇಯವರು ಸ್ಕ್ರೀನ್ ಮೇಲೆ ಪಟ್ಟಿಯನ್ನೇ ಹಾಕುತ್ತಾರೆ.

ಬ್ಯಾಗ್ ಮತ್ತು ಹೊಟ್ಟೆ

ಬೆನ್ನಿನ ದೊಡ್ಡ ಬ್ಯಾಗನ್ನು ಯಾವ ಸ್ಟೇಡಿಯಂನವರೂ ಒಳಗೆ ಬಿಡುವುದಿಲ್ಲ. ರೈಲ್ವೆ ಕ್ಲೋಕ್ ರೂಮ್‌ನಲ್ಲಿ ಇಡಿ. ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಜಿಪ್ಪಿಗೆ ಹಾಕುವಂಥ ಚಿಕ್ಕ ಬೀಗ ಊರಿಂದಲೇ ತನ್ನಿ. ರೈಲು ಟಿಕೆಟ್, ಗುರುತಿನ ಚೀಟಿ ಕೇಳುತ್ತಾರೆ. ಮಧ್ಯರಾತ್ರಿ ತೆರೆದಿರುತ್ತದಾ ಅಂತ ಕೌಂಟರಿನಲ್ಲೇ ಬಾಯಿಬಿಟ್ಟು ಕೇಳಿ. ಒಳಗೆ ಒಯ್ಯಲು ಫೋನು, ಸ್ವಲ್ಪ ನಗದು, ಒಂದು ತೆಳು ಸ್ವೆಟರ್ ಸಾಕು. ಜನವರಿಯಲ್ಲಿ ಅಲ್ಲಿ ಮಧ್ಯಾಹ್ನ ಬೆವರು, ರಾತ್ರಿ ಚಳಿ. ಪವರ್ ಬ್ಯಾಂಕ್ ಬಿಡುತ್ತಾರಾ ಅಂತ ಟಿಕೆಟ್ ಪುಟದ ನಿಯಮ ಓದಿ.

ಮದ್ಯ ಸಿಗುವ ದಿಯು ದ್ವೀಪದ ಕಡೆಯಿಂದ ಬರುವವರಿಗೊಂದು ಮಾತು: ಗುಜರಾತಿನಲ್ಲಿ ಪಾನನಿಷೇಧ ಇದೆ. ಬ್ಯಾಗಿನ ತಳದಲ್ಲಿ ಮಿಕ್ಕ ಬಾಟಲಿ ಇದ್ದರೆ ಕಾನ್ಸರ್ಟ್ ಬದಲು ಠಾಣೆ ನೋಡುತ್ತೀರಿ.

ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ, ಸ್ಟೇಡಿಯಂ ಒಳಗೆ ನೀರಿನಿಂದ ಹಿಡಿದು ಎಲ್ಲವೂ ದುಬಾರಿ.

ಹೊರಗೆ ಬರುವುದು

ಕೊನೆಯ ಹಾಡಿಗೆ ಮುಂಚೆ ಓಡಿಹೋಗುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಅಷ್ಟು ದೂರ ಬಂದಿದ್ದು ಯಾಕೆ? ಮುಗಿದ ಮೇಲೆ ಅರ್ಧ ಗಂಟೆ ಸುಮ್ನೆ ಸೀಟಿನಲ್ಲೇ ಕೂತಿರಿ. 1,32,000 ಜನ ಹಿಡಿಯುವ ಸ್ಟೇಡಿಯಂ ಅದು, ಮೊದಲ ನೂಕಾಟದಲ್ಲಿ ನೀವಿರುವುದು ಬೇಡ. ಆ ಹೊತ್ತಿಗೆ ನೆಟ್‌ವರ್ಕ್ ಸತ್ತಿರುತ್ತದೆ, ಕ್ಯಾಬ್ ಆ್ಯಪ್ ತಿರುಗುತ್ತಲೇ ಇರುತ್ತದೆ. ಹಾಗಾಗಿ ಸಂಜೆ ಮೆಟ್ರೊ ಇಳಿಯುವಾಗಲೇ ವಾಪಸ್ ಟಿಕೆಟ್ ವಿಚಾರಿಸಿ. ಕ್ರಿಕೆಟ್ ಪಂದ್ಯದ ರಾತ್ರಿಗಳಿಗೆ ಅಲ್ಲಿ ₹50ರ ಕಾಗದದ ಟಿಕೆಟ್ ಮುಂಚೆಯೇ ಮಾರುತ್ತಾರೆ. ಆಟೊ ಬೇಕಿದ್ದರೆ ವಿಸತ್ ಸರ್ಕಲ್‌ವರೆಗೆ ನಡೆದುಬಿಡಿ, ಗೇಟಿನ ಹತ್ತಿರದ ರೇಟು ಕೇಳಲೇಬೇಡಿ.

ಹಸಿವಾದರೆ ಕಾಲುಪುರಕ್ಕೆ ಒಂದು ನಿಲ್ದಾಣ ಮೊದಲೇ, ಘೀಕಾಂಟಾದಲ್ಲಿ ಇಳಿದು ಮಾಣೆಕ್ ಚೌಕ್ ಕಡೆ ನಡೆಯಿರಿ. ಹಗಲು ಚಿನ್ನ ಬೆಳ್ಳಿ ಮಾರುವ ಚೌಕ, ರಾತ್ರಿ ತಡವಾಗುವವರೆಗೂ ತಿಂಡಿ ಅಂಗಡಿಗಳು. ಗ್ವಾಲಿಯರ್ ದೋಸೆ ಅಂತ ಒಂದು ಸಿಗುತ್ತದೆ, ಬೆಣ್ಣೆಯಲ್ಲೇ ಸ್ನಾನ ಮಾಡಿಸಿ ಕೊಡುತ್ತಾರೆ. ದಾವಣಗೆರೆಯವಳಾಗಿ ಅದನ್ನು ದೋಸೆ ಅಂತ ಒಪ್ಪಲಾರೆ, ಆದರೆ ಆ ಹೊತ್ತಿನಲ್ಲಿ ತಟ್ಟೆ ಖಾಲಿ ಮಾಡಿದೆ. ಕ್ಲೋಕ್ ರೂಮಿನ ರಸೀದಿ ಎಣ್ಣೆ ಕೈಯಲ್ಲಿ ಹಿಡಿಯಬೇಡಿ, ಅದರ ಮೇಲಿನ ನಂಬರ್ ಅಳಿಸಿದರೆ ಬ್ಯಾಗ್ ಬಿಡಿಸಿಕೊಳ್ಳುವುದು ದೊಡ್ಡ ರಗಳೆ. ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.