ಕೂತಲ್ಲಿ ಕೂರದ ಮಗು: ಮನೆಯಲ್ಲಿ ಎಲ್ಲಿಂದ ಶುರು ಮಾಡಬೇಕು?

ಎರಡನೇ ಕ್ಲಾಸಿನ ಮಗು. ಹೋಂವರ್ಕ್‌ಗೆ ಕೂತು ಎರಡು ಸಾಲು ಬರೆಯುವಷ್ಟರಲ್ಲಿ ಪೆನ್ಸಿಲ್ ಚೂಪು ಮಾಡಲು ಏಳುತ್ತದೆ, ನೀರು ಕುಡಿಯಲು ಏಳುತ್ತದೆ, ಅಂಗಳದಲ್ಲಿ ನಾಯಿ ಬೊಗಳಿತು ಅಂತ ಏಳುತ್ತದೆ. ಶಾಲೆಯ ಡೈರಿಯಲ್ಲಿ ಕೆಂಪು ಶಾಯಿ: ‘ಗಮನ ಕೊಡುವುದಿಲ್ಲ, ಪಕ್ಕದವರಿಗೂ ಬರೆಯಲು ಬಿಡುವುದಿಲ್ಲ.’ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಜ್ಜಿ ‘ದೃಷ್ಟಿ ತಾಗಿದೆ’ ಅನ್ನುತ್ತಾರೆ. ಅಪ್ಪ ‘ಎರಡು ಬಿಗಿದರೆ ಸರಿಯಾಗುತ್ತದೆ’ ಅನ್ನುತ್ತಾರೆ. ನೆಂಟರು ‘ಆಯಿ ಮುದ್ದು ಮಾಡಿ ಹಾಳು ಮಾಡಿದಳು’ ಅಂದು ಹೋಗುತ್ತಾರೆ.

ಮೂರೂ ತಪ್ಪು. ಗಮನ ನಿಲ್ಲದಿರುವುದು, ಕೈಕಾಲು ಸುಮ್ಮನಿರದಿರುವುದು, ಯೋಚಿಸುವ ಮೊದಲೇ ಮಾಡಿಬಿಡುವುದು ಕೆಲವು ಮಕ್ಕಳಲ್ಲಿ ಮೆದುಳು ಬೆಳೆಯುವ ರೀತಿಯಿಂದಲೇ ಬರುತ್ತದೆ. ಅದು ಜಾಸ್ತಿಯಾಗಿ, ಕಲಿಕೆಗೂ ಬದುಕಿಗೂ ತೊಡಕಾದಾಗ ವೈದ್ಯರು ಎಡಿಎಚ್‌ಡಿ ಅನ್ನುತ್ತಾರೆ. ವಂಶದಿಂದ ಬರುವುದೇ ಹೆಚ್ಚು. ಆದರೂ ಮನೆಯವರು ನಡೆದುಕೊಳ್ಳುವ ರೀತಿ ಬದಲಾದರೆ ಮಗುವಿನ ದಿನವೂ ಬದಲಾಗುತ್ತದೆ. ವೈದ್ಯರು ಹೆಸರು ಕೊಟ್ಟಿರಲಿ, ಬಿಡಲಿ, ಆರರಿಂದ ಹತ್ತು ವರ್ಷದ ಮಕ್ಕಳಿಗೆ ಕೆಳಗಿನದು ಉಪಯೋಗಕ್ಕೆ ಬರುತ್ತದೆ. ಕ್ರಮ ಮಾತ್ರ ತಪ್ಪಿಸಬೇಡಿ. ಶಾಲೆಯಲ್ಲಿ ಪಾಲಕರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಅಲ್ಲಿ ಮತ್ತೆ ಮತ್ತೆ ನೋಡುವುದು ಒಂದನ್ನೇ: ಎಲ್ಲರೂ ಐದನೇ ಹೆಜ್ಜೆಯಿಂದ, ಅಂದರೆ ಒಳ್ಳೆಯ ಕೆಲಸಕ್ಕೊಂದು ನಕ್ಷತ್ರ ಅಂಟಿಸುವ ಸ್ಟಾರ್ ಚಾರ್ಟಿನಿಂದ ಶುರು ಮಾಡುತ್ತಾರೆ. ಎರಡನೇ ವಾರಕ್ಕೆ ಕೈಬಿಡುತ್ತಾರೆ.

ಮೊದಲ ಹೆಜ್ಜೆ: ಕಣ್ಣು, ಕಿವಿ, ನಿದ್ದೆ, ಭಾಷೆ

ಬೋರ್ಡ್ ಸರಿಯಾಗಿ ಕಾಣದ ಮಗು ಬೋರ್ಡ್ ನೋಡುವುದಿಲ್ಲ. ಕಿವಿ ಸೋರುವ ಮಗು ಕರೆದರೆ ತಿರುಗದಿರಬಹುದು. ಗೊರಕೆ ಹೊಡೆಯುತ್ತ, ಬಾಯಲ್ಲಿ ಉಸಿರಾಡುತ್ತ ಮಲಗುವ ಮಗುವಿಗೆ ನಿದ್ದೆ ಸಾಲುವುದಿಲ್ಲ. ಮರುದಿನ ಅದು ತೂಕಡಿಸುವ ಬದಲು ಚಡಪಡಿಸುತ್ತದೆ. ಈ ವಯಸ್ಸಿಗೆ 9ರಿಂದ 12 ತಾಸು ನಿದ್ದೆ ಬೇಕು. ರಕ್ತಹೀನತೆ ಇದೆಯೇ ಅಂತಲೂ ನೋಡಿಸಿ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ನಿಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳಿ. ಇಡೀ ಕ್ಲಾಸನ್ನು ನೋಡುವ ಗಡಿಬಿಡಿಯಲ್ಲಿ ಸುಮ್ಮನೆ ಕೂತ ಮಗು ತಪ್ಪಿಹೋಗುತ್ತದೆ. ಹೆಣ್ಣುಮಕ್ಕಳು ಹೀಗೆ ತಪ್ಪುವುದು ಜಾಸ್ತಿ. ಗಲಾಟೆ ಮಾಡದೆ ಬರೀ ಕನಸು ಕಾಣುತ್ತ ಕೂರುವುದೂ ಗಮನದ ಸಮಸ್ಯೆಯೇ ಇರಬಹುದು.

ನಮ್ಮ ಕರಾವಳಿಯಲ್ಲಿ ಇನ್ನೊಂದಿದೆ. ಕಾರವಾರದ ಎಷ್ಟೋ ಮನೆಗಳಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಅಕ್ಕೋರು (ಟೀಚರ್) ಹೇಳಿದ್ದು ಅರ್ಥವಾಗದ ಮಗುವೂ ಕಿಟಕಿಯ ಹೊರಗೇ ನೋಡುತ್ತದೆ. ಮನೆಮಾತಿನಲ್ಲಿ ಒಂದು ಉದ್ದದ ಕತೆ ಹೇಳಿ ನೋಡಿ. ಅದನ್ನು ಪೂರ್ತಿ ಕೇಳಿದರೆ ತೊಂದರೆ ಭಾಷೆಯದೇ ಇರಬಹುದು. ಓದು, ಬರಹದ ಹೊತ್ತಿಗೆ ಮಾತ್ರ ಓಡಿಹೋಗುವ ಮಗುವಿಗೆ ಅಕ್ಷರ ಕಲಿಯುವುದರಲ್ಲೇ ತೊಡಕಿರಬಹುದು. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಎರಡು ಮತ್ತು ಮೂರನೇ ಹೆಜ್ಜೆ

ಒಂದು ವಾರ ಬರೆದಿಡಿ: ಗಲಾಟೆಗೆ ಮುಂಚೆ ಏನಾಯಿತು, ಆಮೇಲೆ ಮಗುವಿಗೆ ಏನು ಸಿಕ್ಕಿತು. ಅಷ್ಟೇ ಸಾಕು.

ಜೊತೆಗೆ ದಿನಾ ಹತ್ತು, ಹದಿನೈದು ನಿಮಿಷ ಮಗು ಆರಿಸಿದ ಆಟ ಆಡಿ. ಆಗ ಅಪ್ಪಣೆ ಇಲ್ಲ, ಪಾಠ ಇಲ್ಲ, ‘ಇದು ಯಾವ ಬಣ್ಣ’ ಅನ್ನುವ ಪರೀಕ್ಷೆಯೂ ಇಲ್ಲ. ದೋಣಿಗೆ ಹೋಗುವ ಅಪ್ಪಂದಿರು ಜೂನ್, ಜುಲೈನ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಇದನ್ನು ತಾವೇ ವಹಿಸಿಕೊಳ್ಳಲಿ. ಶಾಲೆ ಶುರುವಾದ ಹೊಸತು, ಅಪ್ಪ ಮನೆಯಲ್ಲಿ ಇರುತ್ತಾರೆ. ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ನಾಲ್ಕನೇ ಹೆಜ್ಜೆ: ಮಾತು ಹೇಳುವ ರೀತಿ

ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಗಂಟೆಗೆ ಮಾಣಿ ಶಾಲೆಯಿಂದ ಬಂದು ಜಗಲಿಯಲ್ಲಿ ಬ್ಯಾಗ್ ಎಸೆಯುತ್ತಾನೆ. ಆಯಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಒಳಗಿಂದಲೇ ಕೂಗುತ್ತಾರೆ: ‘ಬ್ಯಾಗ್ ಜಾಗದಲ್ಲಿಟ್ಟು, ಯೂನಿಫಾರ್ಮ್ ಬಿಚ್ಚಿ, ಕೈಕಾಲು ತೊಳ್ಕಂಡು, ಟಿಫಿನ್ ಡಬ್ಬಿ ತೊಳೆಯೋಕೆ ಹಾಕಿ, ಬಂದು ಆಸ್ರಿ ಕುಡಿ.’ ಒಂದೇ ಉಸಿರಿಗೆ ಐದು ಕೆಲಸ. ಈ ಮಗುವಿನ ತಲೆಯಲ್ಲಿ ಉಳಿಯುವುದು ಕೊನೆಯದೊಂದೇ. ಅವನು ನೇರ ಆಸ್ರಿಗೆ ಬಂದು ಕೂರುತ್ತಾನೆ. ಆಯಿಗೆ ಸಿಟ್ಟು ಬರುತ್ತದೆ. ಅವನಿಗೆ ಯಾಕೆ ಬೈಸಿಕೊಂಡೆ ಅಂತಲೇ ಗೊತ್ತಿಲ್ಲ.

ಹೀಗೆ ಮಾಡಿ. ಕೈಲಿದ್ದ ಕೆಲಸ ಬಿಟ್ಟು ಮಗುವಿನ ಹತ್ತಿರ ಹೋಗಿ. ಕೈಗೆ ಸಿಗುವಷ್ಟು ಹತ್ತಿರ. ಟಿವಿ ಆರಿಸಿ. ಹೆಸರು ಹಿಡಿದು ಕರೆಯಿರಿ, ಹೆಗಲ ಮೇಲೆ ಕೈಯಿಡಿ, ಅದು ನಿಮ್ಮನ್ನು ನೋಡುವವರೆಗೆ ಬಾಯಿ ತೆರೆಯಬೇಡಿ. ಆಮೇಲೆ ಒಂದೇ ಕೆಲಸ ಹೇಳಿ: ‘ತಮಾ, ಬ್ಯಾಗ್ ಗೂಟಕ್ಕೆ ಹಾಕು.’ ‘ಬ್ಯಾಗ್ ಇಡ್ತೀಯಾ?’ ಅಂತ ಕೇಳಿದರೆ ‘ಇಲ್ಲ’ ಅನ್ನಲು ನೀವೇ ದಾರಿ ಕೊಟ್ಟಂತಾಯಿತು. ಮಾಡಬಾರದ್ದನ್ನು ಹೇಳುವ ಬದಲು ಮಾಡಬೇಕಾದ್ದನ್ನು ಹೇಳಿ. ‘ಓಡಬೇಡ’ ಅಂದರೆ ಏನು ಮಾಡಬೇಕೆಂದು ಹೊಳೆಯುವುದಿಲ್ಲ. ‘ನನ್ನ ಕೈ ಹಿಡಿದು ನಡಿ’ ಅಂದರೆ ಹೊಳೆಯುತ್ತದೆ.

ಹೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾವು ಈ ಐದು ಎಣಿಕೆಯನ್ನು ಕೊಡುವುದೇ ಇಲ್ಲ. ಎರಡಕ್ಕೆಲ್ಲ ‘ಕೇಳಿಸ್ಲಿಲ್ವಾ?’ ಶುರುವಾಗುತ್ತದೆ. ಮಗು ಏಳಲು ಹೊರಟಿರುತ್ತದೆ, ಹೊಸ ಮಾತು ಹಳೆಯದನ್ನು ಅಳಿಸುತ್ತದೆ. ಐದಾದರೂ ಏಳದಿದ್ದರೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಂದೇ ಸಲ ಹೇಳಿ. ಆಗಲೂ ಆಗದಿದ್ದರೆ ಮೆಲ್ಲಗೆ ಕೈಹಿಡಿದು ಕರೆದುಕೊಂಡು ಹೋಗಿ, ಜೊತೆಗೇ ಮಾಡಿಸಿ. ಮೂರನೇ ಸಲ ಹೇಳುವ ಅಭ್ಯಾಸ ಬೇಡ. ಹತ್ತು ಸಲ ಕೂಗುವ ಮನೆಯಲ್ಲಿ ಮಗು ಒಂಬತ್ತು ಸಲ ಕಾಯುವುದನ್ನೇ ಕಲಿಯುತ್ತದೆ.

ಬ್ಯಾಗ್ ಗೂಟ ಸೇರಿದ ಕೂಡಲೇ ಹೇಳಿ: ‘ಹೇಳಿದ ತಕ್ಷಣ ಹಾಕ್ದೆ, ಬಹಳ ಚಲೋ ಆಯ್ತು.’ ಬರೀ ‘ಗುಡ್ ಬಾಯ್’ ಸಾಲದು. ಏನು ಚೆನ್ನಾಗಿ ಮಾಡಿದ ಅಂತ ಬಾಯಲ್ಲಿ ಬರಬೇಕು. ಅದಕ್ಕೆ ಬಾಲ ಕಟ್ಟಬೇಡಿ. ‘ಇವತ್ತು ಮಾಡ್ದೆ, ದಿನಾ ಹೀಗೇ ಮಾಡಿದ್ರೆ ಏನಾಗ್ತಿತ್ತು?’ ಅಂದರೆ ಅದು ಬೈಗುಳವೇ. ಕೊಟ್ಟದ್ದನ್ನು ಅದೇ ಉಸಿರಿನಲ್ಲಿ ಕಿತ್ತುಕೊಂಡಂತೆ.

ಹಟ, ಗುಣುಗು, ಸುಮ್ನೆ ಕಾಡುವುದು ಇವಕ್ಕೆ ಮುಖ ತಿರುಗಿಸಿ, ನಿಮ್ಮ ಕೆಲಸ ನೋಡಿಕೊಳ್ಳಿ. ನಿಂತ ಕ್ಷಣವೇ ಮತ್ತೆ ಮಾತಾಡಿಸಿ. ಮೊದಲ ಕೆಲವು ದಿನ ರಂಪ ಹೆಚ್ಚಾಗುತ್ತದೆ. ಮೊದಲು ಐದು ನಿಮಿಷ ಅತ್ತರೆ ಸಿಗುತ್ತಿದ್ದದ್ದು ಈಗ ಸಿಗಲಿಲ್ಲ ಅಂತ ಹತ್ತು ನಿಮಿಷ ಅಳುತ್ತದೆ. ಉಪಾಯ ಕೆಲಸ ಮಾಡಲಿಲ್ಲ ಅಂತ ಮನೆಯವರು ಕೈಬಿಡುವುದು ಆ ದಿನಗಳಲ್ಲೇ. ನಿಜಕ್ಕೂ ಅದು ಕೆಲಸ ಮಾಡುತ್ತಿರುವುದರ ಗುರುತು. ಕೂಡು ಕುಟುಂಬದಲ್ಲಿ ಶುರು ಮಾಡುವ ಹಿಂದಿನ ರಾತ್ರಿ ಅಜ್ಜ, ಅಜ್ಜಿ, ಚಿಕ್ಕಪ್ಪ ಎಲ್ಲರನ್ನೂ ಕೂರಿಸಿ ಮಾತಾಡಿ. ಒಬ್ಬರು ‘ಪಾಪ’ ಅಂತ ಕೈಗೆ ಮೊಬೈಲ್ ಕೊಟ್ಟರೂ ಉಳಿದವರ ಕಷ್ಟ ನೀರುಪಾಲು. ಹೊಡೆಯುವುದು, ಕಚ್ಚುವುದು, ಬೀದಿಗೆ ಓಡುವುದನ್ನು ಮಾತ್ರ ನೋಡಿಯೂ ನೋಡದಂತೆ ಬಿಡಬಾರದು. ಆಗಿಂದಾಗಲೇ ತಡೆದು, ಬೇಸರ ಬರುವ ಒಂದು ಜಾಗದಲ್ಲಿ ಕೂರಿಸಿ. ವಯಸ್ಸಿಗೆ ಒಂದು ನಿಮಿಷದ ಲೆಕ್ಕ, ಆರು ವರ್ಷಕ್ಕೆ ಆರು ನಿಮಿಷ. ಕತ್ತಲೆ ಕೋಣೆ, ಚಿಲಕ ಬೇಡವೇ ಬೇಡ.

ಹೊಡೆತ ಅಲ್ಲಿಗಲ್ಲಿಗೆ ನಿಲ್ಲಿಸುತ್ತದೆ, ಏನನ್ನೂ ಕಲಿಸುವುದಿಲ್ಲ. ಮಗು ಹೊಡೆಯುವುದನ್ನು ಕಲಿತು ತಂಗಿಯ ಮೇಲೆ ತೋರಿಸುತ್ತದೆ.

ಐದನೇ ಹೆಜ್ಜೆ: ಬಹುಮಾನ

ನಾಲ್ಕನೆಯದು ಎರಡು ವಾರ ನಡೆದ ಮೇಲೆ ಇದಕ್ಕೆ ಬನ್ನಿ. ಈ ಮಕ್ಕಳಿಗೆ ‘ಆಮೇಲೆ’ ಬಹಳ ದೂರ. ‘ವರ್ಷದ ಕೊನೆಗೆ ಸೈಕಲ್’ ಅನ್ನುವ ಮಾತು ಸಂಜೆಯೊಳಗೆ ಮರೆತುಹೋಗುತ್ತದೆ. ಅಂಗಡಿಯ ಬಣ್ಣಬಣ್ಣದ ಚಾರ್ಟಿಗೆ ದುಡ್ಡು ಹಾಕಬೇಡಿ. ಒಳಗಿನದು ಕಾಣುವ ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ಕೆಲಸವಾದ ತಕ್ಷಣ ಮಗುವೇ ಅದಕ್ಕೊಂದು ಕವಡೆ ಹಾಕಲಿ, ಶಿರಸಿ ಕಡೆಯ ಮನೆಯಾದರೆ ಗೋಟಡಿಕೆ ಹಾಕಲಿ. ಬೀಳುವ ಸದ್ದು ಕಿವಿಗೆ ಬೀಳುತ್ತದೆ, ಡಬ್ಬಿ ತುಂಬುವುದು ಕಣ್ಣಿಗೆ ಕಾಣುತ್ತದೆ. ಗೋಡೆಯ ಚಾರ್ಟಿಗೆ ಈ ಗುಣವಿಲ್ಲ.

ಮೂರೇ ಕೆಲಸ ಇಡಿ. ಅದರಲ್ಲಿ ಒಂದು ಮಗು ಈಗಾಗಲೇ ಮಾಡುವಂಥದ್ದಿರಲಿ, ಮೊದಲ ದಿನವೇ ಗೆಲ್ಲಬೇಕು. ‘ಒಳ್ಳೆಯವನಾಗಿರು’ ಅನ್ನುವುದು ಕೆಲಸವಲ್ಲ. ‘ಏಳೂವರೆಯೊಳಗೆ ಹಲ್ಲುಜ್ಜು’ ಅನ್ನುವುದು ಕೆಲಸ. ಬಹುಮಾನ ಆ ದಿನದ್ದೇ ಆಗಬೇಕು, ದುಡ್ಡಿಲ್ಲದ್ದಾದರೆ ಇನ್ನೂ ಒಳ್ಳೆಯದು. ಸಂಜೆ ಕಡಲ ದಂಡೆಗೆ ಒಂದು ಸುತ್ತು. ರಾತ್ರಿಯ ಊಟಕ್ಕೆ ಯಾವ ಮೀನು ಅಂತ ಆರಿಸುವ ಅಧಿಕಾರ. ಮಲಗುವಾಗ ಇನ್ನೊಂದು ಕತೆ. ಮೊಬೈಲನ್ನು ಬಹುಮಾನವಾಗಿ ಇಡಬೇಡಿ. ಅದನ್ನು ವಾಪಸ್ ಪಡೆಯುವಾಗ ಹೊಸ ಜಗಳ ಹುಟ್ಟುತ್ತದೆ. ಸಿಟ್ಟಿನಲ್ಲಿ ಡಬ್ಬಿಯಿಂದ ಕವಡೆ ತೆಗೆಯುವವರನ್ನು ಬಹಳ ನೋಡಿದ್ದೇನೆ. ಗಳಿಸಿದ್ದು ಗಳಿಸಿದ್ದೇ. ಒಮ್ಮೆ ಕಿತ್ತುಕೊಂಡರೆ ಮಗು ಡಬ್ಬಿಯ ಮೇಲಿನ ನಂಬಿಕೆಯನ್ನೇ ಬಿಡುತ್ತದೆ.

ದುಡ್ಡು ಹಾಳುಮಾಡುವ ದಾರಿಗಳನ್ನೂ ಹೇಳಿಬಿಡುತ್ತೇನೆ. ನೆನಪಿನ ಶಕ್ತಿಯ ಟಾನಿಕ್, ‘ಬುದ್ಧಿ ಬೆಳೆಸುವ’ ಪುಡಿ ತರಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಅನ್ನುವ ಮಿಡ್‌ಬ್ರೈನ್ ಆಕ್ಟಿವೇಶನ್ ಶುದ್ಧ ಮೋಸ. ಒಂದೆಲಗದ ತಂಬುಳಿ ರುಚಿಯಾಗಿರುತ್ತದೆ, ಊಟಕ್ಕೆ ಮಾಡಿ, ಔಷಧಿ ಅಂತ ನೆಚ್ಚಬೇಡಿ. ಸಕ್ಕರೆ ತಿಂದರೆ ಚಟುವಟಿಕೆ ಕೆರಳುತ್ತದೆ ಅನ್ನುವುದೂ ಪರೀಕ್ಷೆಗಳಲ್ಲಿ ನಿಂತಿಲ್ಲ. ಹಲ್ಲಿಗಾಗಿ ಸಿಹಿ ಕಡಿಮೆ ಮಾಡಿ, ಗಮನ ಬರುತ್ತದೆ ಅಂತಲ್ಲ.

ಆರನೇ ಹೆಜ್ಜೆ: ಹೋಂವರ್ಕ್ ಮತ್ತು ಶಾಲೆ

ಹತ್ತು ನಿಮಿಷ ಬರಹ, ಮೂರು ನಿಮಿಷ ಕುಣಿತ, ಮತ್ತೆ ಹತ್ತು ನಿಮಿಷ. ಮುಖ ಗೋಡೆಯ ಕಡೆಗಿರಲಿ. ಕೂರುವ ಮೊದಲು ಮೈ ದಣಿಯಬೇಕು. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನ ಮಗು ಹೊತ್ತು ಕಳೆಯದೆ ಒದ್ದಾಡುತ್ತದೆ. ಜಗಲಿಯಲ್ಲಿ ಹಗ್ಗದಾಟ ಆಡಿಸಿ, ಕಟ್ಟಿಗೆ ಒಳಗೆ ಹಾಕುವ, ಕಾಯಿ ಹೊತ್ತು ತರುವ ಕೆಲಸ ಕೊಡಿ. ಅದಕ್ಕೂ ಒಂದು ಕವಡೆ.

ಅಕ್ಕೋರ ಹತ್ತಿರ ದೂರು ಹೇಳಲು ಹೋಗಬೇಡಿ, ಸಹಾಯ ಕೇಳಲು ಹೋಗಿ. ಮುಂದಿನ ಬೆಂಚು, ಕಿಟಕಿಯಿಂದ ದೂರ, ನಡುನಡುವೆ ಪುಸ್ತಕ ಹಂಚುವ ಕೆಲಸ, ಅಷ್ಟು ಕೇಳಿ. ದಿನಕ್ಕೊಂದು ಚೀಟಿಯಲ್ಲಿ ಎರಡು ಸಾಲು ಸಾಕು: ಜಾಗದಲ್ಲಿ ಕೂತನೇ, ಬರೆದು ಮುಗಿಸಿದನೇ. ‘ಹೌದು’ ಇದ್ದರೆ ಮನೆಯಲ್ಲಿ ಕವಡೆ. ‘ಇಲ್ಲ’ ಇದ್ದರೆ ಸುಮ್ಮನಿರಿ, ಶಾಲೆಯ ತಪ್ಪಿಗೆ ಮನೆಯಲ್ಲಿ ಎರಡನೇ ಶಿಕ್ಷೆ ಬೇಡ. ಶಾಲೆಯಲ್ಲಿ ಹೊಡೆದರೆ, ಎಲ್ಲರೆದುರು ಅವಮಾನ ಮಾಡಿದರೆ ಪ್ರಶ್ನಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಎರಡನ್ನೂ ನಿಷೇಧಿಸಿದೆ.

ವೈದ್ಯರ ಹತ್ತಿರ ಯಾವಾಗ?

ತೊಂದರೆ ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇದ್ದರೆ, ಮನೆ ಮತ್ತು ಶಾಲೆ ಎರಡೂ ಕಡೆ ಕಾಣುತ್ತಿದ್ದರೆ, ಕಲಿಕೆ ಅಥವಾ ಗೆಳೆತನ ಕೆಡುತ್ತಿದ್ದರೆ ಹೋಗಲೇಬೇಕು. ಎಡಿಎಚ್‌ಡಿ ಕಂಡುಹಿಡಿಯುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ವೈದ್ಯರು ನಿಮ್ಮನ್ನು, ಶಾಲೆಯವರನ್ನು ಕೇಳಿ, ಮಗುವನ್ನು ನೋಡಿ ತೀರ್ಮಾನಿಸುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಸಿಗುತ್ತಾರೆ ಅಂತ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಶಿರಸಿ, ಯಲ್ಲಾಪುರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೂ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಾತ್ರೆಯ ಹೆಸರು ಕೇಳಿ ಎದ್ದು ಬರಬೇಡಿ. ಆರು ವರ್ಷದೊಳಗಿನವರಿಗೆ ಮೊದಲು ಪಾಲಕರ ತರಬೇತಿಯೇ ಚಿಕಿತ್ಸೆ. ಆರು ದಾಟಿದವರಿಗೆ ಅಗತ್ಯ ಕಂಡರೆ ವೈದ್ಯರು ಮೀಥೈಲ್‌ಫೆನಿಡೇಟ್ ಅಥವಾ ಅಟೊಮೊಕ್ಸೆಟಿನ್ ಬರೆಯುತ್ತಾರೆ. ಮೊದಲನೆಯದರ ಪರಿಣಾಮ ಅದೇ ದಿನ ಕಾಣುತ್ತದೆ, ಎರಡನೆಯದಕ್ಕೆ ವಾರಗಳು ಬೇಕು. ಹಸಿವು ಕಡಿಮೆಯಾಗಬಹುದು. ಆದ್ದರಿಂದ ಬೆಳಗಿನ ತಿಂಡಿ ಹೊಟ್ಟೆ ತುಂಬ ಕೊಟ್ಟ ಮೇಲೆ ಮಾತ್ರೆ ಕೊಡಬಹುದೇ ಅಂತ ಕೇಳಿಕೊಳ್ಳಿ. ಪ್ರತಿ ಭೇಟಿಯಲ್ಲೂ ತೂಕ, ಎತ್ತರ, ರಕ್ತದೊತ್ತಡ ನೋಡಿಸಿ. ನಿದ್ದೆ ಕೆಟ್ಟರೆ ತಕ್ಷಣ ತಿಳಿಸಿ. ಮಗು ಸುಧಾರಿಸಿತು ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಪಕ್ಕದ ಮನೆಯ ಮಗುವಿಗೆ ಕೊಡಲೂಬೇಡಿ. ಮಾತ್ರೆ ಶುರುವಾದ ಮೇಲೂ ಕವಡೆಯ ಡಬ್ಬಿ ನಡೆಯುತ್ತಿರಲಿ.